ಕೆಂಪು ಚುಕ್ಕಿ, ಬಿಳಿ ಕಬ್ಬಿಣ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಕುಲುಮೆ ಇತ್ತು. ಸುತ್ತಲಿನವರ ಮುರಿದ ಗುದ್ದಲಿ, ಕುಡುಗೋಲುಗಳನ್ನು ಶಿಷ್ಯರೇ ಬೆಸೆದು ಕೊಡಬೇಕು. ಅಲ್ಲಿಯ ಪಾಠವೇ ಅದು.

ಗುರು ಮುಪ್ಪಯ್ಯಜ್ಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸಂಜೆಯಂತೂ ಕೇಳಲೇಬೇಡಿ. ಹೊಳೆಯಾಚೆಯ ಹೊಸ ಆಶ್ರಮಕ್ಕೆ ಗುರುವಾಗಿ ಕಿರಿಯ ಶಿಷ್ಯ ಪರ್ವತಯ್ಯನನ್ನು ಕಳಿಸುತ್ತೇನೆ ಎಂದಿದ್ದೇ ತಡ, ಹಿರಿಯ ಶಿಷ್ಯ ಕಲಿನಾಥ ಬೆನ್ನು ಬಿಡಲೊಲ್ಲ.

“ಅಜ್ಜಾರ, ನಾ ಏನು ಕಡಿಮಿ? ನಾ ಪ್ರವಚನಕ್ಕ ನಿಂತರ ಹೊಳಿದಂಡಿ ತುಂಬತೈತಿ. ಪರ್ವತಯ್ಯ ಬಾಯಿ ಬಿಡೋದ ಅಪರೂಪ. ಅವನೊಳಗ ಬೆಂಕೀನ ಇಲ್ಲ.”

“ನಿನ್ನೊಳಗ ಐತಿ?”

“ಬೇಕಾದ್ರ ನೋಡ್ರಿ. ಮಾತಾಡುವಾಗ ನನ್ನ ಮುಖ ಕೆಂಡ ಆಗತೈತಿ.”

ಅಜ್ಜ ಹಣೆ ಚಚ್ಚಿಕೊಂಡ. “ಆ ಮುರಿದ ಗುದ್ದಲಿ ಬೆಸಿ, ನೋಡೂಣು.”

ಕಲಿನಾಥ ಎರಡು ತುಂಡನ್ನೂ ಕುಲುಮೆಗಿಟ್ಟು ತಿದಿ ಊದಿದ. ಕಬ್ಬಿಣ ಕೆಂಪಾಯಿತೋ ಇಲ್ಲವೋ, ಇಕ್ಕಳದಲ್ಲಿ ಎಳೆದು, ಒಂದರ ಮೇಲೊಂದಿಟ್ಟು ಬಡಿದ. ಬಡಿದದ್ದೇ ಬಡಿದದ್ದು. ತುಂಡುಗಳು ಕೂಡದೆ ನೆಲಕ್ಕೆ ಬಿದ್ದವು.

“ಥೂ! ಇಷ್ಟು ವರ್ಷ ಏನು ಮಣ್ಣು ಹೊತ್ತಿ ಇಲ್ಲಿ? ಕೆಂಪಂದ್ರ ಕಾವು ಈಗಷ್ಟ ಸುರು ಆಗೈತಿ ಅಂತ. ಆಮ್ಯಾಲೆ ಹಳದಿ, ಆಮ್ಯಾಲೆ ಬಿಳಿ. ಬಿಳಿಗೆ ಬಂದ್ರ ಬೆಸುಗಿ.”

ಅಜ್ಜ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದ. ಆಗತಾನೆ ಕತ್ತಲಾಗಿತ್ತು.

“ಅಕಾ ನೋಡು, ಕೆಳಗ ಕೆಂಪು ಚುಕ್ಕಿ, ಜ್ಯೇಷ್ಠಾ. ಮ್ಯಾಲೆ ನೀಲಿ ಬೆರೆತ ಬಿಳಿ, ಚಿತ್ತಾ. ಯಾವುದು ಹೆಚ್ಚು ಬಿಸಿ?”

“ಕೆಂಪಂದು ಅಂತಿದ್ದೆ...” ಕಲಿನಾಥ ಕುಲುಮೆಯ ಕಡೆ ತಿರುಗಿ ನೋಡಿದ. “ನೀಲಿ ಏನ್ರಿ?”

“ಅಬ್ಬಾ, ಶಿವ ಕಣ್ಣು ತೆರೆದ! ಬಿಳಿ ದಾಟಿ ಕಾದರ ನೀಲಿ.”

“ಮತ್ತ ಎರಡೂ ಹೆಚ್ಚುಕಡಿಮಿ ಸಮಾ ಹೊಳೀತಾವಲ್ರಿ? ಕೆಂಪಂದು ಮಬ್ಬಾಗಬೇಕಿತ್ತು.”

ಈ ಪ್ರಶ್ನೆಗೆ ಅಜ್ಜನ ಸಿಟ್ಟು ಚೂರು ಇಳಿಯಿತು.

“ಅದರ ಮೈ ದೊಡ್ಡದು. ಕಣದ ತುಂಬ ಕೆಂಡ ಹರವಿದ್ರ ಊರಿಗೆಲ್ಲ ಕಾಣತೈತಿ. ಜ್ಯೇಷ್ಠಾನ್ನ ತಂದು ಸೂರ್ಯನ ಜಾಗಾಕ್ಕ ಇಟ್ರ ಈ ಹೊಳಿ, ನೀನು, ನಾನು, ಎಲ್ಲಾ ಅದರ ಹೊಟ್ಟ್ಯಾಗ. ಚಿತ್ತಾ ಅದರ ಮುಂದ ಸಣ್ಣದು. ಆದರ ಗೇಣಿಗೆ ಗೇಣು ಅಳೆದ್ರ, ಕೆಂಪಂದರ ಬೆಳಕು ಇದರ ಹತ್ರ ಸುಳಿಯೂದಿಲ್ಲ.”

“ಅಂದ್ರ ನಾನು ಬರೇ ದೊಡ್ಡದು ಅಂತೀರೇನು?”

“ಕುಡುಕ ದುರುಗ್ಯಾ ನಿನ್ನ ಪ್ರವಚನಕ್ಕ ಚಪ್ಪಾಳಿ ತಟ್ಟಿ, ಮನಿಗೆ ಹೋಗಿ ಹೆಂಡತೀನ್ನ ಬಡಿದ. ಅದ ದುರುಗ್ಯಾ ಪರ್ವತಯ್ಯನ ಮಗ್ಗಲಾಗ ಒಂದು ಸಂಜಿ ಕುಂತು, ಬಾಟ್ಲಿ ಹೊಳಿಗೆ ಒಗದ. ಯಾರ ಕಾವಿಗೆ ಬೆಸುಗಿ ಕೂಡ್ತು? ಇನ್ನೂ ಎಷ್ಟು ಬಿಡಿಸಿ ಹೇಳಬೇಕಲೇ ನಿನಗ!” ಅಜ್ಜ ಚೀರಿದ.

ಕಲಿನಾಥನ ಕಣ್ಣಲ್ಲಿ ನೀರು ಬಂತು. ಹೊಳೆಯಾಚೆಯ ಗುರುಪೀಠದ ಆಸೆ ಅವನಿಗೆ ಬಹಳ ಇತ್ತು. ಅದು ಕೈತಪ್ಪಿತು ಅಂತ ಈಗ ಖಾತ್ರಿಯಾಯಿತು.

ಕಣ್ಣೊರೆಸಿಕೊಂಡು ತಲೆಯೆತ್ತಿ, ಬಾಗಿಲಿಂದ ಬರುತ್ತಿದ್ದ ಕುಲುಮೆಯ ಬೆಳಕಲ್ಲಿ ಅಜ್ಜನನ್ನೇ ದಿಟ್ಟಿಸಿದ.

“ತಪ್ಪು ತಿಳೀಬ್ಯಾಡ್ರಿ, ಅಜ್ಜಾರ. ನಿಮ್ಮ ಮುಖಾನೂ ಕೆಂಪಗ ಆಗೈತಲ್ರಿ.”

ಅಜ್ಜ ಒಳಗೆ ಹೋಗಿ, ಬಿದ್ದ ತುಂಡುಗಳನ್ನು ಮತ್ತೆ ಕುಲುಮೆಗಿಟ್ಟ.

“ಅದಕ್ಕ ನಾನೂ ಇಲ್ಲೇ ಉಳಿದೀನಿ. ಬಾ, ತಿದಿ ಹಿಡಿ.”