ಮೂರ್ಛೆ ತಿಳಿದೆದ್ದ ಗಡಿಯಾರ

ನನ್ನಾಣೆ, ಇದರಲ್ಲಿ ಅಕ್ಷರಕ್ಷರವೂ ನಿಜ. ಕಣ್ಣು ಕಾಣದ ಸಂಗೀತದ ಮೇಷ್ಟ್ರು ಭುಜಂಗರಾಯರಿಗೆ ಪುಸ್ತಕ ಓದಿ ಹೇಳುವ ಯಂತ್ರದೊಳಗೆ ಒಂದು ಗಡಿಯಾರವಿತ್ತು. ತನ್ನನ್ನು ಕೇಳದೆ ರಾಯರು ಹೊಸ್ತಿಲು ದಾಟುವುದಿಲ್ಲ ಎಂಬುದೇ ಅದರ ಜಂಭ. ಒಮ್ಮೆ ಬ್ಯಾಟರಿ ಸತ್ತು ಗಡಿಯಾರ ಮೂರ್ಛೆಹೋಯಿತು. ಬೆಳಿಗ್ಗೆ ರಾಯರು ಚಾರ್ಜಿಗೆ ಹಾಕಿ, ಪಾಠಕ್ಕೆ ಹೊರಡುವ ಮುಂಚೆ ಸಮಯ ಕೇಳಿದರು.

"ನಡುರಾತ್ರಿ ಹನ್ನೆರಡು!" ಎಂದು ಗಡಿಯಾರ ಗರ್ಜಿಸಿತು.

ದೊಡ್ಡ ಬ್ಯಾಟರಿ ಸತ್ತಾಗಲೂ ಹೊತ್ತು ಎಣಿಸಲೆಂದೇ ಇರುವ ಪಕ್ಕದ ಪುಟಾಣಿ ಸೆಲ್ಲು ಪಿಸುಗುಟ್ಟಿತು: "ಅಣ್ಣಾ, ಬೆಳಗಾಗಿ ಒಂಬತ್ತಾಯಿತು. ನೀವು ಬಿದ್ದಿದ್ದಾಗ ನಾನು ಎಣಿಸುತ್ತಿದ್ದೆ."

"ಎಲವೋ ಬಟಾಣಿ! ನಾನು ಮಲಗಿರುವಾಗ ಮುಂದೆ ಹೋಗಲು ಕಾಲಕ್ಕೆ ಅಪ್ಪಣೆ ಕೊಟ್ಟವರು ಯಾರು?"

ಕೆನ್ನೆಗೆ ಬಿಸಿಲು ಚುರುಗುಟ್ಟುತ್ತಿದ್ದುದರಿಂದ ರಾಯರು ನಕ್ಕು, ಬೀದಿಯ ಸೊಪ್ಪಿನವಳನ್ನು ಸಮಯ ಕೇಳಿ ಹೊರಟರು. ಅಂದಿನಿಂದ ಗಡಿಯಾರದ ಮಾತನ್ನೂ ಅವರು ಕಾದಂಬರಿಗಳ ಸಾಲಿಗೇ ಸೇರಿಸಿದ್ದಾರೆ.

ಒಂದೇ ಒಂದು ಚಿಕ್ಕ ಸಂಗತಿ ಮಾತ್ರ ನಾನು ಕಟ್ಟಿದ್ದು: ಯಂತ್ರ ಮಾಡಿದವರು ಆ ಪುಟಾಣಿ ಸೆಲ್ಲನ್ನು ಹಾಕಿರಲೇ ಇಲ್ಲ.