ಹಂಡೆ ದೊಡ್ಡತಾಯಮ್ಮನ ಹೊಸ ಕ್ಯಾಲೆಂಡರು

ಉಪ್ಪಿಲ್ಲದ ಸಾರು, ಪೆದ್ದನಿಲ್ಲದ ಊರು, ಎರಡೂ ಸಪ್ಪೆ. ನಮ್ಮ ಹೊಂಗೆಕೊಪ್ಪಲಿನ ಸಾರು ಸಪ್ಪೆ ಅಂತ ಇವತ್ತಿನವರೆಗೂ ಒಬ್ಬ ಅಂದಿಲ್ಲ, ಅನ್ನೋ ಧೈರ್ಯ ಇದ್ದವನು ಬರಲಿ ನೋಡೋಣ! ಸುತ್ತಿನ ಏಳು ಹಳ್ಳಿಯ ಪೆದ್ದರನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ತುಂಬಿ, ನಮ್ಮ ಮರಿಲಿಂಗನೊಬ್ಬನನ್ನು ಇನ್ನೊಂದು ತಟ್ಟೆಗೆ ಕೂರಿಸಿ. ನಮ್ಮ ತಟ್ಟೆ ನೆಲ ಮುಟ್ಟದಿದ್ದರೆ ಆಮೇಲೆ ಮಾತಾಡಿ.

ಈ ಮರಿಲಿಂಗನನ್ನು ಹೆತ್ತವಳು ದೊಡ್ಡತಾಯಮ್ಮ. ಮದುವೆ ಮನೆಗಳಿಗೆ ಹಂಡೆ, ಕೊಪ್ಪರಿಗೆ, ಕೊಳಗ, ಸೌಟು ಬಾಡಿಗೆಗೆ ಕೊಡುವವಳು. ಇಪ್ಪತ್ತು ವರ್ಷದಲ್ಲಿ ಒಂದು ಮದುವೆಗೂ ಹಂಡೆ ತಪ್ಪಿಸಿದವಳಲ್ಲ. "ದೊಡ್ಡತಾಯಮ್ಮ ವೀಳ್ಯ ಹಿಡಿದಳು ಅಂದ್ರೆ ಅನ್ನ ಬೆಂದಂಗೇ" ಅನ್ನುತ್ತಿದ್ದರು ಜನ. ಆ ಮಾತೇ ಅವಳ ಆಸ್ತಿ. ವೀಳ್ಯ ಹಿಡಿದು ಒಪ್ಪಿಕೊಂಡ ಮದುವೆಗಳ ದಿನವನ್ನೆಲ್ಲ ಫೋನಿನೊಳಗಿನ ಕ್ಯಾಲೆಂಡರ್ ಆ್ಯಪಿಗೆ ಹಾಕಿಸಿದ್ದಳು. ಹೊತ್ತಿಗೆ ಸರಿಯಾಗಿ ಅದು ಗಡಗಡ ನಡುಗಿ, ಟ್ರಿಣ್ ಟ್ರಿಣ್ ಅಂತ ಬಡಕೊಳ್ಳುತ್ತಿತ್ತು. ಎಡಕ್ಕೆ ಬೆರಳೆಳೆದರೆ ಸುಮ್ಮನಾಗುತ್ತಿತ್ತು. ಬಲಕ್ಕೆ ಎಳೆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಬಡಕೊಳ್ಳುತ್ತಿತ್ತು.

ಒಂದು ಬೆಳಗ್ಗೆ ಅದರಲ್ಲೊಂದು ಓಲೆ ಬಂತು. "ತಿಂಗಳ ಕೊನೆಗೆ ಈ ಆ್ಯಪ್ ನಿಲ್ಲಿಸುತ್ತಿದ್ದೇವೆ. ಬೇರೆಯದನ್ನು ಆರಿಸಿಕೊಳ್ಳಿ."

ದೊಡ್ಡತಾಯಮ್ಮ ಉಜ್ಜುತ್ತಿದ್ದ ಹಂಡೆ ಬಿಟ್ಟು ಎದ್ದಳು. ಹದಿನೇಳು ಮದುವೆ ಅದರ ಹೊಟ್ಟೇಲಿ ಕೂತವೆ! ಅವಳ ಕೈಯೋ ಹುಣಸೆಹಣ್ಣು, ಬೂದಿ. ಮಗನನ್ನು ಕೂಗಿದಳು.

"ಲೋ ಮರಿಲಿಂಗ! ಪೇಟೆಗೆ ಹೋಗಿ ಹೊಸ ಆ್ಯಪು ಆರಿಸ್ಕೊಂಡು ಬಾ. ಕಣ್ಮುಚ್ಕೊಂಡು ಆರಿಸಬ್ಯಾಡ. ಮಡಕೆ ಕೊಳ್ಳುವಾಗ ಹೆಂಗೆ ತಟ್ಟಿ ತಟ್ಟಿ ನೋಡ್ತೀವೋ ಹಂಗೆ ನೋಡು."

"ಹೂಂ ಕಣವ್ವ!"

ಹೋದ. ಮೊಬೈಲ್ ಅಂಗಡಿಯ ಷಣ್ಮುಖ ಒಂದು ಆ್ಯಪ್ ಹಾಕಿಕೊಟ್ಟ. ಮರಿಲಿಂಗ ಫೋನನ್ನು ಕಿವಿಗಿಟ್ಟುಕೊಂಡು ಬೆರಳ ಗೆಣ್ಣಿನಲ್ಲಿ ಟಕ್ ಟಕ್ ಅಂತ ತಟ್ಟಿದ. ಕಂಚಿನ ನಾದ ಬರಲಿಲ್ಲ. ಇನ್ನೊಂದು ಹಾಕಿಸಿದ, ತಟ್ಟಿದ. ಬರಲಿಲ್ಲ. ಮೂರನೆಯದಕ್ಕೆ ಕಲ್ಲು ತಗೊಂಡ. ಚಟಾರ್! ಗಾಜು ಜೇಡರಬಲೆಯಾಯಿತು.

"ಹಸಿ ಮಡಕೆ ಮಾರ್ತೀಯಲ್ಲ, ನಾಚಿಕೆ ಆಗಲ್ವ?" ಅಂತ ಷಣ್ಮುಖನಿಗೇ ಬೈದು ಮನೆಗೆ ಬಂದ.

ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕುದಿಣ್ಣೆ! ನಿನ್ನ ತಲೇಲಿ ಮಣ್ಣಾದ್ರೂ ಇದ್ದಿದ್ರೆ ರಾಗಿ ಚೆಲ್ತಿದ್ದೆ, ಅದೂ ಇಲ್ವಲ್ಲೋ! ಆ್ಯಪನ್ನ ತಟ್ಟೋದಲ್ಲ, ಬಳಸಿ ನೋಡ್ಬೇಕು. ಯಾರ್ದಾದ್ರೂ ಹೆಸರಿಗೆ ಸುಮ್ಮನೆ ಒಂದು ಮದುವೆ ಹಾಕಿ, ಸರಿಯಾಗಿ ನೆನಪಿಸ್ತದಾ ನೋಡೋದಪ್ಪ!"

"ಹಂಗೇ ಮಾಡ್ತೀನಿ ಕಣವ್ವ!"

ಮಾಡಿದ. ಊರಲ್ಲಿ ಗವಿಯಪ್ಪ ಅಂತ ಒಬ್ಬ ತಾತ, ಎಪ್ಪತ್ತೆರಡು ವರ್ಷ, ಮದುವೆಯಾಗದೆ ಉಳಿದ ಜೀವ. ಅವನ ಹೆಸರಿಗೇ ಹಾಕಿದ. ಹೊಸ ಆ್ಯಪು ಬಲು ಚುರುಕು. ದೊಡ್ಡತಾಯಮ್ಮನ ಹೆಸರಿನಲ್ಲಿ ನೇರ ಗವಿಯಪ್ಪನ ಫೋನಿಗೇ ಓಲೆ ಕಳಿಸಿತು: "ನಾಳೆ ನಿಮ್ಮ ಮದುವೆ. ಸಿದ್ಧರಾಗಿ."

ಬೆಳಗಾಗುವಷ್ಟರಲ್ಲಿ ಗವಿಯಪ್ಪ ಗಡ್ಡ ಹೆರೆಸಿ, ಸರಿಗೆ ಪಂಚೆ ಉಟ್ಟು, ದೊಡ್ಡತಾಯಮ್ಮನ ಜಗಲಿ ಮೇಲೆ ಕೂತಿದ್ದ.

"ಹಂಡೆ ಸರಿ ದೊಡ್ಡತಾಯಮ್ಮ, ಹೆಣ್ಣೆಲ್ಲಿ?"

ಮುದುಕನಿಗೆ ಎರಡು ಲೋಟ ಕಾಫಿ ಕೊಟ್ಟು, ಕಾಲು ಹಿಡಿದು ಕಳಿಸಬೇಕಾದರೆ ಅವಳಿಗೆ ಸಾಕೋ ಸಾಕಾಯಿತು. ಗವಿಯಪ್ಪನಿಗೆ ಮಾತ್ರ ಆಸೆ ಇಳಿಯಲಿಲ್ಲ.

"ಲೋ ಕೋಡಂಗಿ! ಇನ್ನೊಬ್ಬರ ಹೆಸರು ಮುಟ್ಟೋಕೆ ಮುಂಚೆ ಅವರನ್ನ ಒಂದು ಮಾತು ಕೇಳ್ಬೇಕು ಕಣೋ! ಮನೆಗೆ ಹೋಗಿ ಕೇಳ್ಬೇಕು!"

"ಕೇಳ್ತೀನಿ ಕಣವ್ವ!"

ಆ ಆ್ಯಪ್ ಕಿತ್ತು ಇನ್ನೊಂದು ಹಾಕಿದ. ಅದು ಕೇಳಿತು: "ಫೋನಿನಲ್ಲಿರುವ ಹೆಸರುಗಳನ್ನು ನಾನು ನೋಡಬಹುದೇ?" ಫೋನಿನಲ್ಲಿ ಇನ್ನೂರ ನಲವತ್ತು ಹೆಸರು. ಮರಿಲಿಂಗ ಸೈಕಲ್ ಹತ್ತಿದ. ಹೊಂಗೆಕೊಪ್ಪಲು, ಮಾಕನಪುರ, ಬಿಳಿಗುಂಡಿ, ಸಣ್ಣೇನಹಳ್ಳಿ, ಒಂದು ಬಾಗಿಲೂ ಬಿಡಲಿಲ್ಲ.

"ನಮ್ಮ ಆ್ಯಪು ನಿಮ್ಮ ಹೆಸರು ನೋಡಬೇಕಂತೆ. ನೋಡ್ಲಾ, ಬ್ಯಾಡ್ವಾ?"

"ನೋಡ್ಲಿ ಬುಡಪ್ಪ, ಹೆಸರೇನು ಸವೀತದಾ? ನಮ್ಮುಡುಗಿ ಮದುವೆ ಇಂಥಾ ದಿನ, ಹಂಡೆ ಮರೀಬ್ಯಾಡ ಅಂತ ನಿಮ್ಮವ್ವಂಗೆ ಹೇಳು" ಅಂದರು ಕೆಲವರು. ಮಜ್ಜಿಗೆ ಕೊಟ್ಟರು ಕೆಲವರು. ನಾಯಿ ಬಿಟ್ಟರು ಇಬ್ಬರು. ಆರು ದಿನ ಹೋಯಿತು! ಬರುವಷ್ಟರಲ್ಲಿ ತಿಂಗಳಿಗೆ ಉಳಿದದ್ದು ಒಂದೇ ದಿನ.

"ಎಲ್ಲಿ ಸತ್ತಿದ್ಯೋ?" ಅಂದಳು ದೊಡ್ಡತಾಯಮ್ಮ. "ಹೂಂ ಅಂತ ಒತ್ತಿದ್ರೆ ಮುಗೀತಿತ್ತಲ್ಲೋ! ಇನ್ನು ಯಾರು ಏನು ಕೇಳಿದ್ರೂ ಹೂಂ ಅನ್ನು, ಕೆಲಸ ಮುಗಿಸು!"

"ಹೂಂ!" ಅಂದ ಮರಿಲಿಂಗ. ಅವ್ವ ಹೇಳಿದ್ದಕ್ಕೇ ಶುರು ಮಾಡಿದ್ದ.

ಬಿಳಿಗುಂಡಿಯಿಂದ ಫೋನ್ ಬಂತು. "ಬರೋ ಭಾನುವಾರ ಹಂಡೆ ಸಿಕ್ತದಾ?"

"ಹೂಂ!"

ಸಣ್ಣೇನಹಳ್ಳಿಯಿಂದ ಬಂತು. "ಭಾನುವಾರ ನಮಗೂ ಬೇಕಲ್ಲ?"

"ಹೂಂ!"

ಭಾನುವಾರಕ್ಕೆ ಮಾಕನಪುರದ ವೀಳ್ಯ ಮೊದಲೇ ಹಿಡಿದಾಗಿತ್ತು. ಅಷ್ಟರಲ್ಲಿ ಹೊಸ ಆ್ಯಪು ಕೇಳಿತು: "ಹಳೆಯ ದಿನಗಳನ್ನೆಲ್ಲ ಅಳಿಸಲೇ?"

"ಹೂಂ!"

ಗುಡಿಸಿ ಸಾರಿಸಿದಂತಾಯಿತು. ಹದಿನೇಳು ಮದುವೆಯೂ ಹೋದವು!

ದೊಡ್ಡತಾಯಮ್ಮ ಈ ಸಲ ಬೈಯಲಿಲ್ಲ. ಕವುಚಿ ಹಾಕಿದ ಹಂಡೆ ಮೇಲೆ ಕೂತು ಸೆರಗು ಕಣ್ಣಿಗೊತ್ತಿಕೊಂಡಳು. "ಆಯ್ತು ಬುಡು. ಇಪ್ಪತ್ತು ವರ್ಷದ ಮಾತು ಮಣ್ಣಾಯ್ತು. ಯಾರ ಮನೇಲಿ ಯಾವತ್ತು ಮದುವೆ ಅಂತ ಯಾರನ್ನ ಕೇಳ್ಲಪ್ಪ ನಾನು?"

"ನನ್ನ ಕೇಳವ್ವ" ಅಂದ ಮರಿಲಿಂಗ.

"ನಿನಗೇನ್ಲಾ ಗೊತ್ತು?"

"ಹನ್ನೆರಡನೇ ತಾರೀಕು ಹೊಸಮನೆ ಚೆಲುವಮ್ಮನ ಮಗಳದ್ದು, ಎರಡು ಹಂಡೆ, ಒಂದು ಮುದ್ದೆ ಕೊಳಗ, ಹೋದ ಸಲದ ಸೊಟ್ಟ ಸೌಟು ಬ್ಯಾಡವಂತೆ. ಹದಿನಾಲ್ಕು ಮೂಲೆಮನೆ ಬೋರಣ್ಣಂದು, ಅವನು ಅದನ್ನ ಎಮ್ಮೆ ಕರೀತಾ ಹೇಳಿದ..." ಹದಿನೇಳನ್ನೂ ಒಪ್ಪಿಸಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಹಿಡಿಯುವ ತಲೆಯಲ್ಲವೇ ಅದು!

"ಇಷ್ಟು ದಿನ ಯಾಕ್ಲಾ ಬಾಯಿ ಬಿಡ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲವ್ವ."

"ಭಾನುವಾರ ಮೂರು ಮನೆ, ಒಂದೇ ಜೊತೆ ಹಂಡೆ. ಅದಕ್ಕೇನ್ಲಾ ಮಾಡ್ಲಿ?"

"ಮಾಕನಪುರದವರದು ಬೆಳಗ್ಗೆ ತಿಂಡಿ ಅಷ್ಟೇ, ಎಂಟಕ್ಕೆ ಮುಗೀತದೆ. ಊಟ ಗಂಡಿನ ಮನೇಲಂತೆ. ಬಿಳಿಗುಂಡೀಲಿ ಮಧ್ಯಾಹ್ನದೂಟ. ಸಣ್ಣೇನಹಳ್ಳೀಲಿ ರಾತ್ರಿ ಊಟ, ಹಂಡೆ ಸಂಜೆ ಐದಕ್ಕೆ ಬಂದ್ರೆ ಸಾಕಂತೆ."

ದೊಡ್ಡತಾಯಮ್ಮ ಮಗನ ಮುಖವನ್ನೇ ನೋಡಿದಳು. ಫೋನಿಗೆ ಗೊತ್ತಿದ್ದದ್ದು ತಾರೀಕು ಅಷ್ಟೇ. ಇವನಿಗೆ ಸೌಟಿನ ಸೊಟ್ಟವೂ ಗೊತ್ತು!

"ಯಾವ ಆ್ಯಪೂ ಬ್ಯಾಡ ಕಣೋ ನನ್ನಪ್ಪ. ಅದರ ಕೆಲಸ ನೀನೇ ಮಾಡು. ಹಳೇದು ಹೆಂಗೆ ನೆನಪಿಸ್ತಿತ್ತೋ ಹಂಗೇ ನೆನಪಿಸು. ಹೊರಡೋ ಹೊತ್ತು ತಪ್ಪಬಾರ್ದು, ನಾನು ನಿಲ್ಲಿಸೋ ತನಕ ನಿಲ್ಲಿಸಬಾರ್ದು!"

"ಹಂಗೇ ಮಾಡ್ತೀನಿ ಕಣವ್ವ!"

ಭಾನುವಾರ ಮಾಕನಪುರದ ಉಪ್ಪಿಟ್ಟು ಹೊತ್ತಿಗೆ ಸರಿಯಾಗಿ ಬೆಂದಿತು. ಲಗೇಜ್ ಆಟೋದಲ್ಲಿ ಹಂಡೆ ಬಿಳಿಗುಂಡಿಗೆ ಬಂತು. ಮಧ್ಯಾಹ್ನ ಕೊನೇ ಪಂಕ್ತಿ ಕೂತು ಪಾಯಸ ಬಡಿಸುತ್ತಿದ್ದರು. ದೊಡ್ಡತಾಯಮ್ಮ ಹಿತ್ತಲಲ್ಲಿ ಕೊಪ್ಪರಿಗೆ ಉಜ್ಜುತ್ತಿದ್ದಳು. ಪಂಕ್ತಿ ನಡುವೆ ನಿಂತಿದ್ದ ಮರಿಲಿಂಗ ಇದ್ದಕ್ಕಿದ್ದಂತೆ ಅಡಿಯಿಂದ ಮುಡಿಯವರೆಗೆ ಗಡಗಡ ನಡುಗಿದ.

"ಟ್ರಿಣ್! ಟ್ರಿಣ್! ಸಂಜೆ ಐದಕ್ಕೆ! ಸಂಜೆ ಐದಕ್ಕೆ!"

"ಅಮ್ಮಾ, ದೇವರು ಮೈದುಂಬಿ ಬಂತು!" ಅಂತ ಯಾರೋ ಕೂಗಿದರು. ಎಲೆ ಬಿಟ್ಟು ಎದ್ದರು. ಬೇವಿನಸೊಪ್ಪು ಬಂತು, ಕರ್ಪೂರ ಬಂತು. ವಾಲಗದವರು ಡೋಲು ಬಡಿದರು. ಮುದುಕಿಯೊಬ್ಬಳು ಅಡ್ಡಬಿದ್ದು ಕೇಳಿದಳು, "ನಮ್ಮ ಸೊಸೆ ಹೆರಿಗೆ ಯಾವಾಗ ಸ್ವಾಮಿ?"

"ಸಂಜೆ ಐದಕ್ಕೆ!"

ಪಾಯಸ ಕುಡಿಯುತ್ತಿದ್ದ ಬಸುರಿ ಲೋಟ ಕೆಳಗಿಟ್ಟಳು. ಆರು ತಿಂಗಳಿನ್ನೂ ತುಂಬಿರಲಿಲ್ಲ!

ಊಟಕ್ಕೆ ಬಂದಿದ್ದ ಗವಿಯಪ್ಪ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ನನ್ನ ಮದುವೆ, ನನ್ನ ಮದುವೆ ಯಾವತ್ತು ಸ್ವಾಮಿ?"

"ಸಂಜೆ ಐದಕ್ಕೆ! ಸಣ್ಣೇನಹಳ್ಳಿ!"

ಗವಿಯಪ್ಪ ಪಂಚೆ ಎತ್ತಿ ಕಟ್ಟಿ, ಸಣ್ಣೇನಹಳ್ಳಿ ದಾರಿ ಹಿಡಿದು ಓಡಿದ.

ದೊಡ್ಡತಾಯಮ್ಮ ಬೂದಿ ಕೈಯಲ್ಲೇ ಓಡಿ ಬಂದಳು. "ನಿಲ್ಲಿಸೋ!" ನಿಲ್ಲಲಿಲ್ಲ. "ಸಾಕು ಕಣೋ!" ಇನ್ನೂ ಜೋರಾಯಿತು. ಆಗ ಅವಳಿಗೆ ಹಳೇ ಆ್ಯಪನ್ನು ನಿಲ್ಲಿಸುತ್ತಿದ್ದ ಬಗೆ ಹೊಳೆಯಿತು. ಮಗನ ಹಣೆ ಮೇಲೆ ಬೆರಳಿಟ್ಟು ಸರ್ರನೆ ಎಳೆದಳು. ಫಕ್ಕನೆ ನಿಂತ! ಹಣೆ ತುಂಬ ಬೂದಿ ಬಳಿದುಕೊಂಡು ನಿಂತವನನ್ನು ನೋಡಿ ಬಿಳಿಗುಂಡಿಯ ಜನವೆಲ್ಲ ಕೈ ಮುಗಿದರು. ಹಂಡೆ ಹೊರಲು ಹತ್ತು ಆಳು ತಾವಾಗಿ ಬಂದರು.

ಹೊತ್ತು ತಪ್ಪದೆ ಆಟೋ ಹೊರಟಿತು. ಹಂಡೆಗಳ ನಡುವೆ ಕೂತ ದೊಡ್ಡತಾಯಮ್ಮ ಬಹಳ ದಿನದ ಮೇಲೆ ನಕ್ಕಳು. ಮಗನ ತಲೆ ಸವರಿ, "ನನ್ನ ಮಾತು ಉಳಿಸಿದೆ ಕಣೋ, ಬಂಗಾರ" ಅಂದಳು.

ಅನ್ನುವುದಕ್ಕೂ ಆಟೋದಲ್ಲಿ ಗಡಗಡ ನಡುಕ ಹುಟ್ಟುವುದಕ್ಕೂ ಸರಿಹೋಯಿತು.

"ಟ್ರಿಣ್! ಟ್ರಿಣ್! ಸಂಜೆ ಐದಕ್ಕೆ!"

"ಹೊರಟಾಯ್ತಲ್ಲೋ! ಮತ್ಯಾಕ್ಲಾ?"

"ನಾನೇನು ಮಾಡ್ಲವ್ವ?" ಅಂದ ಮರಿಲಿಂಗ, ನಡುಗುತ್ತಲೇ. "ನೀನೇ ಬಲಕ್ಕೆ ಎಳೆದ್ಬುಟ್ಯಲ್ಲ!"