ಅತ್ತಮೊಗದ ದಿಬ್ಬ

ಬೇವಿನಕೋಟೆಯ ಹೊರಗೆ, ಬಸ್ಸು ತಿರುಗುವ ಕಡೆ, ಒಂದು ಮಣ್ಣಿನ ದಿಬ್ಬವಿದೆ. ಅದಕ್ಕೆ ಅತ್ತಮೊಗದ ದಿಬ್ಬ ಎಂಬ ಹೆಸರು ಹೇಗೆ ಬಂತೆಂದು ನನಗೆ ಮೊದಲು ಹೇಳಿದವರು ಸೋದರತ್ತೆ ಗಂಗಲಾಂಬಿಕೆ. ದಿಬ್ಬದ ಮೇಲೆ ಆಳೆತ್ತರದ ವೀರಗಲ್ಲೊಂದು ಊರಿಗೆ ಬೆನ್ನು ಹಾಕಿ ನಿಂತಿದೆ. ಸಿನಿಮಾ ಪೋಸ್ಟರ್ ಅಂಟಿಸಲು ಆ ಬೆನ್ನು ಬಹಳ ಅನುಕೂಲ.

ಹಿಂದೆ ಒಮ್ಮೆ ಗಡಿಯಾಚೆಯ ಪಾಳೆಯಗಾರನ ದಂಡು ನುಗ್ಗಿದಾಗ ಊರಿನ ಹನ್ನೊಂದು ಮಂದಿ ಈ ದಿಬ್ಬದಲ್ಲೇ ಅಡ್ಡ ನಿಂತು ಸತ್ತರಂತೆ. ಪ್ರತಿವರ್ಷ ಆ ದಿನ ಬೆಳಗ್ಗೆ ಕಲ್ಲಿನ ಮುಂದೆ ಅವರ ಹೆಸರು ಕೂಗುವುದು, ಒಂದೊಂದು ಹೆಸರಿಗೂ ಆಯಾ ಮನೆಯವರು 'ಓ' ಎನ್ನುವುದು ಪದ್ಧತಿ. ಕೂಗುವವಳು ಸತ್ತವರಲ್ಲೊಬ್ಬನಾದ ಬರಮಣ್ಣನ ಹೆಂಡತಿ ಕೆಂಚವ್ವ. ಕೂಗಿದವರೇ ಓಗೊಡುವಂತಿಲ್ಲ, ಮಕ್ಕಳಿಲ್ಲದ ಅವಳ ಮನೆಯ 'ಓ' ಊರವರೇ ಕೊಡಬೇಕು. ಅದೊಂದಕ್ಕಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು ಎನ್ನುತ್ತಾರೆ. ಮೊದಮೊದಲು ಊರಿಗೆ ಊರೇ ಓಗೊಟ್ಟಿತು. ಆಮೇಲೆ ಹತ್ತು ಜನ. ಆಮೇಲೆ ನಾಲ್ವರು, ಅವರೂ ಆಕಳಿಸುತ್ತ.

ಇಪ್ಪತ್ತನೆಯ ವರ್ಷ ಒಂದು ನರಪಿಳ್ಳೆಯೂ ಬರಲಿಲ್ಲ. ಊರೊಳಗೆ ಬಯಲಾಟ, ಹೊತ್ತು ಮೂಡಿದರೂ ಮುಗಿದಿಲ್ಲ. ಆಟವಾದರೂ ಯಾವುದು? ಅದೇ ಯುದ್ಧದ್ದು! ಕೆಂಚವ್ವ ಅಲ್ಲಿಗೇ ನಡೆದು, ಜನರ ನಡುವೆ ನಿಂತು, "ಬರಮಣ್ಣಾ!" ಎಂದು ಕೂಗಿದಳು. ಅಟ್ಟದ ಮೇಲೆ ಸತ್ತು ಬಿದ್ದಿದ್ದ ಬರಮಣ್ಣನ ವೇಷದವನು ಎದ್ದು ಮೀಸೆ ತಿರುವಿ, "ಓ! ಯಾಕಬೇ, ಅಡಗಿ ಆತೇನು?" ಎಂದ. ಜನ ಬಿದ್ದು ಬಿದ್ದು ನಕ್ಕರು. "ಇನ್ನೊಮ್ಮೆ ಒದರಬೇ ಯವ್ವಾ, ಚಂದ ಐತಿ!" ಎಂದು ಸಿಳ್ಳೆ ಹಾಕಿದರು. ವೇಷದ ಬರಮಣ್ಣ ಅಟ್ಟದ ಮೇಲೆ ಸತ್ತಾಗ ಬಿಕ್ಕಿ ಬಿಕ್ಕಿ ಅತ್ತಿದ್ದ ಊರಗೌಡರಂತೂ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೆಂಚವ್ವ ಅಲ್ಲಿಂದ ಹೊರಟಳು. ದಿಬ್ಬಕ್ಕೆ ಹೋಗಿ, ಹಾರೆ ಹಾಕಿ ಬುಡ ಸಡಿಲಿಸಿ, ಎತ್ತು ಕಟ್ಟಿ ಕಲ್ಲನ್ನೇ ತಿರುಗಿಸಿಬಿಟ್ಟಳಂತೆ. ಆಟ ಮುಗಿಸಿ ಬಂದ ಗೌಡರು ಕೆಂಡವಾದರು.

"ಏನ ಮಾಡಿದೆಬೇ? ಕಲ್ಲಿನ ಮಾರಿ ವೈರಿ ಕಡಿ ತಿರುಗಿಸಿಯಲ್ಲ!"

"ಇವರ ಕೈಲೆ ಏಟು ತಿಂದವರಿಗರೆ ಇವರ ನೆನಪು ಇದ್ದೀತು, ಗೌಡ್ರ" ಎಂದಳು ಕೆಂಚವ್ವ.

ಮತ್ತೆ ತಿರುಗಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಕಲ್ಲಿನ ಮುಖ ನೋಡಬೇಕೆಂದರೆ ಇಂದಿಗೂ ಜಾಲಿಮುಳ್ಳು ದಾಟಿ ಆಚೆ ಬದಿಗೆ ಹೋಗಬೇಕು. ಅಲ್ಲಿ ಕೆತ್ತಿದ ಹನ್ನೊಂದು ಮಂದಿಯಲ್ಲಿ ಬಲದಿಂದ ಮೂರನೆಯವನು ಬರಮಣ್ಣ. ಕೇಳಿದಿರಲ್ಲ, ಇದನ್ನು ಇನ್ನೊಬ್ಬರಿಗೆ ಹೇಳಿ. ಆ ವೇಷದವನ ಮಾತಿಗೆ ಅವರು ನಕ್ಕರೆ, ಮತ್ತೆ ಮೊದಲಿನಿಂದ ಹೇಳಿ.